ಧೋಂಡಿಯಾ ವಾಘನೂ ಅವನ ದಂಡೂ

ಶಿವಮೊಗ್ಗೆಯ ಕೋಟೆ ಎಂದೊಡನೆ ನಮಗೆ ಶಿವಪ್ಪನಾಯಕನ ನೆನಪಾಗುತ್ತದೆ. ಅದೇ ಕೋಟೆಯನ್ನು ಹಿಡಿದು ಊರನ್ನು ಸೂರೆಮಾಡಿದ ಧೋಂಡಿಯಾ ವಾಘನನ್ನು ನೆನೆಯುವವರು ವಿರಳ. ನೆನೆಯುವವರಲ್ಲಿ ಕೆಲವರು ಅವನನ್ನು ವೀರನೆಂದು ಹೊಗಳುತ್ತಾರೆ, ಕೆಲವರು ದರೋಡೆಗಾರನೆಂದು ಹಳಿಯುತ್ತಾರೆ. ಅವನ ಬೆನ್ನುಹತ್ತಿದ ಸಾವಿರಾರು ಜನ ಯಾರು, ಏಕೆ ಬಂದರು ಎಂಬುದನ್ನು ಮಾತ್ರ ವಿಚಾರಿಸುವವರಿಲ್ಲ.

ಚನ್ನಗಿರಿಯ ಮರಾಠ ಮನೆತನವೊಂದರಲ್ಲಿ ಹುಟ್ಟಿದ ಧೋಂಡಿಯಾ ಹೈದರಾಲಿಯ ಸೈನ್ಯದಲ್ಲಿ ಸವಾರನಾದನು. ಆ ಸೈನ್ಯದಲ್ಲಿ ಸಂಬಳದ ಆಸೆಗೆ ಬಂದವರಿದ್ದಂತೆ ಎಳೆದು ತಂದವರೂ ಇದ್ದರು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಹೈದರನು ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ದಳಗಳನ್ನು ಕಟ್ಟಿದನು. ಮಗನನ್ನು ಕಳುಹಿಸುತ್ತೀಯಾ ಎಂದು ತಾಯಿಯನ್ನು ಕೇಳುವ ಕಾಲವೇ ಅದು? ಕಡ್ಡಾಯ ಸೈನ್ಯಸೇವೆಗೆ ಫ್ರಾನ್ಸ್ ದೇಶವು 1798ರಲ್ಲಿ ಕಾನೂನು ಮಾಡಿತೆಂದು ಚರಿತ್ರೆಯ ಪಾಠದಲ್ಲಿ ಓದುತ್ತೇವೆ. ನಮ್ಮ ನಾಡಿನಲ್ಲಿ ಕಾನೂನಿನ ಹಂಗಿಲ್ಲದೆಯೇ ಅಂಥದು ಅದಕ್ಕೆ ಮೊದಲೇ ನಡೆದುಹೋಗಿತ್ತು.

ಬಲವಂತದ ಬಿಸಿ ಧೋಂಡಿಯಾನಿಗೂ ತಟ್ಟಿತು. ಮೂರನೆಯ ಮೈಸೂರು ಯುದ್ಧದ ಗಲಭೆಯಲ್ಲಿ ಟಿಪ್ಪುವಿನ ಸೈನ್ಯ ಬಿಟ್ಟು ಧಾರವಾಡದ ಕಡೆ ಸುಲಿಗೆಗೆ ನಿಂತ ಅವನು, ಮರಾಠರು ಅಟ್ಟಿದಾಗ 1794ರಲ್ಲಿ ಮರಳಿ ಟಿಪ್ಪುವಿನ ಆಶ್ರಯ ಬೇಡಿದನು. ಟಿಪ್ಪು ಅವನನ್ನು ಒತ್ತಾಯದಿಂದ ಮತಾಂತರಿಸಿ, ಕೊನೆಗೆ ಸೆರೆಗೆ ತಳ್ಳಿದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗಲೇ ಅವನ ಸಂಕೋಲೆ ಕಳಚಿದ್ದು.

ಟಿಪ್ಪು ಸತ್ತನು, ಸೈನ್ಯ ಚದುರಿತು. ಕತ್ತಿಯ ಹೊರತು ಬೇರೆ ಕಸುಬನ್ನರಿಯದ, ಸಂಬಳ ಕೊಡುವ ಒಡೆಯನಿಲ್ಲದ ಸವಾರರು ಧೋಂಡಿಯಾನ ಸುತ್ತ ನೆರೆದರು. ಬಿದನೂರು, ಶಿವಮೊಗ್ಗೆಗಳ ಸೀಮೆ ಅವನ ಕೈಸೇರಿತು. 1791ರ ಕೊನೆಯಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನಿಂದ ಸೂರೆಹೋಗಿದ್ದ ಶಿವಮೊಗ್ಗೆ ಇನ್ನೊಮ್ಮೆ ಹಾಳುಬಿದ್ದಿತು. ದಂಡು ಯಾರದಾದರೇನು, ರೈತನ ಕಣಜದ ಭತ್ತ ಹೋಗುವುದು ತಪ್ಪಲಿಲ್ಲ. ರಾಜನಿಗಾಗಿ ಹಿಡಿದು ತಂದು ಪಳಗಿಸಿದ ತೋಳುಗಳು ರಾಜನಿಲ್ಲದಾಗ ಯಾರ ಮೇಲೆ ಬೀಳುತ್ತವೆಂಬುದನ್ನು ತುಂಗೆಯ ದಂಡೆಯ ಈ ಊರು ಚೆನ್ನಾಗಿ ಬಲ್ಲದು.

ಅದೇ ಆಗಸ್ಟಿನಲ್ಲಿ ಇಂಗ್ಲಿಷರು ಶಿವಮೊಗ್ಗೆ, ಹೊನ್ನಾಳಿ, ಶಿಕಾರಿಪುರಗಳನ್ನು ಗೆದ್ದುಕೊಂಡರು. ಧೋಂಡಿಯಾ ಮರಾಠರ ಸೀಮೆಗೆ ಓಡಿದನು. ಸೋತವನು ಸುಮ್ಮನಿರಲಿಲ್ಲ, ಉಭಯ ಲೋಕಾಧೀಶ್ವರನೆಂಬ ಬಿರುದು ಧರಿಸಿ ಮತ್ತೆ ದಂಡು ಕಟ್ಟಿದನು. ಎರಡು ಲೋಕದ ಒಡೆತನವೆಂದರೆ ಸಣ್ಣ ಆಸೆಯೇ! 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ಆರ್ಥರ್ ವೆಲ್ಲೆಸ್ಲಿಯ ಸವಾರರು ಅವನನ್ನು ಕೊಂದರು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿ ಇವನೇ.

ದಂಡಿನ ಸಾಮಾನುಗಳ ನಡುವೆ ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದನು. ವೆಲ್ಲೆಸ್ಲಿ ಆ ಹುಡುಗನನ್ನು ಸಾಕಿ, ಇಂಗ್ಲೆಂಡಿಗೆ ಹೊರಡುವಾಗ ಅವನ ಪೋಷಣೆಗೆ ಹಣವಿರಿಸಿ ಹೋದನು. ಸಲಾಬತ್ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿದನು. 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.