ಮುಚ್ಚಿದ ಕೋಣೆಯ ಭಾವಚಿತ್ರ: ಆಸ್ಕರ್ ವೈಲ್ಡ್‌ನ ಬದುಕು ಮತ್ತು ಕಾದಂಬರಿ

ಕೃತಿಯನ್ನು ಕರ್ತೃವಿನಿಂದ ಬೇರ್ಪಡಿಸಿ ಓದಬೇಕೆ, ಅವನ ಬದುಕಿನ ದಾಖಲೆಯಾಗಿ ಓದಬೇಕೆ ಎಂಬ ಪ್ರಶ್ನೆ ವಿಮರ್ಶೆಯಲ್ಲಿ ಹಳೆಯದು. ಸಾಮಾನ್ಯವಾಗಿ ವಿದ್ವಾಂಸರ ನಡುವೆಯೇ ಉಳಿಯುವ ಈ ಪ್ರಶ್ನೆ 1895ರಲ್ಲಿ ಲಂಡನ್ನಿನ ನ್ಯಾಯಾಲಯವನ್ನು ಪ್ರವೇಶಿಸಿತು. ಆಸ್ಕರ್ ವೈಲ್ಡ್‌ನ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಕಾದಂಬರಿಯನ್ನು ಅಲ್ಲಿ ಅವನ ವಿರುದ್ಧದ ಸಾಕ್ಷ್ಯವಾಗಿ ಮಂಡಿಸಲಾಯಿತು. ಪುರುಷನೊಬ್ಬನ ಸಲಿಂಗಾನುರಾಗವನ್ನು ಗಾಥಿಕ್ ರಹಸ್ಯಕಥೆಯ ಚೌಕಟ್ಟಿನಲ್ಲಿಟ್ಟ ಆ ಕೃತಿಯ ಹಿನ್ನೆಲೆಯಲ್ಲಿ ವೈಲ್ಡ್‌ನ ಬದುಕನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೈಲ್ಡ್ ಹುಟ್ಟಿದ್ದು 1854ರ ಅಕ್ಟೋಬರ್ 16ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ತಂದೆ ವಿಲಿಯಂ ವೈಲ್ಡ್ ಕಣ್ಣು ಮತ್ತು ಕಿವಿಯ ಹೆಸರಾಂತ ಶಸ್ತ್ರವೈದ್ಯ. ಐರಿಷ್ ಜನಪದ ನಂಬಿಕೆಗಳನ್ನು ಸಂಗ್ರಹಿಸಿದವನು. ತಾಯಿ ಜೇನ್ ‘ಸ್ಪೆರಾಂಜಾ’ ಎಂಬ ಹೆಸರಿನಲ್ಲಿ ಬರೆದ ರಾಷ್ಟ್ರೀಯವಾದಿ ಕವಯಿತ್ರಿ. ಗಾಥಿಕ್ ಪರಂಪರೆ ವೈಲ್ಡ್‌ನಿಗೆ ಮನೆತನದ ಮೂಲಕವೇ ಬಂದಿತ್ತು. ‘ಮೆಲ್ಮತ್ ದಿ ವಾಂಡರರ್’ (1820) ಕಾದಂಬರಿಯನ್ನು ಬರೆದ ಚಾರ್ಲ್ಸ್ ಮೆಟುರಿನ್, ವೈಲ್ಡ್‌ನ ತಾಯಿಯ ತಾಯಿಯ ಸಹೋದರಿಯನ್ನು ವಿವಾಹವಾಗಿದ್ದನು. ಆ ಕಾದಂಬರಿಯ ಆರಂಭದಲ್ಲಿಯೇ ಹಳೆಯ ಮನೆಯ ಮುಚ್ಚಿದ ಕೋಣೆಯೊಂದರಲ್ಲಿರುವ ಭಾವಚಿತ್ರ ಬರುತ್ತದೆಂಬುದು ಗಮನಾರ್ಹ.

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ 1874ರಿಂದ 1878ರವರೆಗೆ ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜಿನಲ್ಲಿಯೂ ಓದಿದ ವೈಲ್ಡ್, ಸೌಂದರ್ಯವಾದದ ವಕ್ತಾರನಾಗಿ ಪ್ರಸಿದ್ಧಿಗೆ ಬಂದನು. 1884ರಲ್ಲಿ ಕಾನ್‌ಸ್ಟನ್ಸ್ ಲಾಯ್ಡ್‌ಳನ್ನು ವಿವಾಹವಾದನು. ಇಬ್ಬರು ಗಂಡುಮಕ್ಕಳಾದರು. 1885ರಲ್ಲಿ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಕಾಯಿದೆಯ 11ನೆಯ ಕಲಮು ಪುರುಷರ ನಡುವಿನ ಲೈಂಗಿಕ ಸಂಬಂಧಗಳನ್ನು, ಅವು ಖಾಸಗಿಯಾಗಿದ್ದರೂ, ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಪಡಿಸಿತು. ವೈಲ್ಡ್‌ನ ಸಲಿಂಗಾನುರಾಗದ ಬದುಕು ಬೆಳೆದದ್ದು ಈ ಕಾನೂನಿನ ನೆರಳಿನಲ್ಲಿ.

ಕಾದಂಬರಿ ಹುಟ್ಟಿದ್ದು ಒಂದು ಭೋಜನಕೂಟದಲ್ಲಿ. 1889ರ ಆಗಸ್ಟ್‌ನಲ್ಲಿ ಅಮೆರಿಕದ ‘ಲಿಪಿನ್‌ಕಾಟ್ಸ್’ ಮಾಸಿಕದ ಸಂಪಾದಕ ಸ್ಟೋಡಾರ್ಟ್, ವೈಲ್ಡ್‌ನನ್ನೂ ಆರ್ಥರ್ ಕಾನನ್ ಡಾಯ್ಲ್‌ನನ್ನೂ ಲಂಡನ್ನಿನಲ್ಲಿ ಊಟಕ್ಕೆ ಕರೆದು ಇಬ್ಬರಿಂದಲೂ ಕಾದಂಬರಿಗಳನ್ನು ಕೇಳಿದನು. ಡಾಯ್ಲ್ ಬರೆದದ್ದು ‘ದಿ ಸೈನ್ ಆಫ್ ಫೋರ್’. ವೈಲ್ಡ್ ಬರೆದದ್ದು ಮುಪ್ಪಾಗದ ಯುವಕನ ಕಥೆ. ಚಿತ್ರಕಾರ ಬೇಸಿಲ್ ಹಾಲ್‌ವರ್ಡ್ ತನ್ನ ಆರಾಧನೆಗೆ ಪಾತ್ರನಾದ ಡೋರಿಯನ್‌ನ ಭಾವಚಿತ್ರವನ್ನು ಬರೆಯುತ್ತಾನೆ. ಡೋರಿಯನ್‌ನ ಪಾಪದ ಗುರುತುಗಳೆಲ್ಲ ಅವನ ಮುಖದ ಮೇಲಲ್ಲ, ಚಿತ್ರದ ಮೇಲೆ ಮೂಡುತ್ತವೆ. ಅವನು ಅದನ್ನು ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಬೀಗಹಾಕಿ ಮುಚ್ಚಿಡುತ್ತಾನೆ. ಅದನ್ನು ಕಂಡ ಬೇಸಿಲ್‌ನನ್ನು ಅಲ್ಲಿಯೇ ಕೊಲ್ಲುತ್ತಾನೆ. ಡೋರಿಯನ್‌ನ ಪಾಪಗಳೇನೆಂಬುದನ್ನು ಕಾದಂಬರಿ ಬಹುಮಟ್ಟಿಗೆ ಹೆಸರಿಸುವುದಿಲ್ಲ. ಗಾಥಿಕ್ ಪ್ರಕಾರಕ್ಕೆ ಸಹಜವಾದ ಈ ಮೌನದಲ್ಲಿ ಓದುಗನು ತನ್ನ ಊಹೆಗಳನ್ನೇ ಕಾಣುತ್ತಾನೆ.

ಕೃತಿಯ ಪಾಠ ಎರಡು ಬಾರಿ ಮೃದುಗೊಂಡಿತು. ಮೊದಲು ಸ್ಟೋಡಾರ್ಟ್ ಬೆರಳಚ್ಚು ಪ್ರತಿಯಿಂದ ಸುಮಾರು 500 ಪದಗಳನ್ನು ತೆಗೆದುಹಾಕಿದನು. ಹಾಗಿದ್ದರೂ 1890ರ ಜುಲೈ ಸಂಚಿಕೆಯಲ್ಲಿ ಪ್ರಕಟವಾದಾಗ ಪತ್ರಿಕೆಗಳು ಅದನ್ನು ಅನೈತಿಕವೆಂದು ಖಂಡಿಸಿದವು. 1891ರ ಪುಸ್ತಕರೂಪದಲ್ಲಿ ವೈಲ್ಡ್ 13 ಅಧ್ಯಾಯಗಳನ್ನು 20ಕ್ಕೆ ಹಿಗ್ಗಿಸಿ, ಕಲೆಯನ್ನು ನೀತಿಯ ಅಳತೆಗೋಲಿನಿಂದ ಬಿಡಿಸುವ ಮುನ್ನುಡಿಯನ್ನು ಸೇರಿಸಿದನು. ಬೇಸಿಲ್‌ನ ಪ್ರೇಮನಿವೇದನೆಯನ್ನು ಕಲಾದರ್ಶದ ಆರಾಧನೆಯಾಗಿ ಪರಿವರ್ತಿಸಿದ್ದೂ ಆಗಲೇ. ಹೀಗೆ ತಿದ್ದಿದ ಪಾಠವು ತಾನೇ ಒಂದು ಮುಚ್ಚಿದ ಕೋಣೆಯಾಯಿತು.

ಅದೇ ವರ್ಷ ಆಲ್‌ಫ್ರೆಡ್ ಡಗ್ಲಸ್‌ನ ಪರಿಚಯವಾಯಿತು. ಅವರ ಸಂಬಂಧದಿಂದ ಕೆರಳಿದ ಡಗ್ಲಸ್‌ನ ತಂದೆ ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ 1895ರ ಫೆಬ್ರವರಿಯಲ್ಲಿ ವೈಲ್ಡ್‌ನ ಕ್ಲಬ್ಬಿನಲ್ಲಿ ಅವಮಾನಕರ ಚೀಟಿಯೊಂದನ್ನು ಬಿಟ್ಟುಹೋದನು. ವೈಲ್ಡ್ ಮಾನನಷ್ಟ ಮೊಕದ್ದಮೆ ಹೂಡಿದನು. ಏಪ್ರಿಲ್‌ನಲ್ಲಿ ನಡೆದ ವಿಚಾರಣೆಯಲ್ಲಿ ಕ್ವೀನ್ಸ್‌ಬೆರಿಯ ವಕೀಲನಾಗಿದ್ದವನು ಟ್ರಿನಿಟಿಯಲ್ಲಿ ವೈಲ್ಡ್‌ನ ಸಮಕಾಲೀನನಾಗಿದ್ದ ಎಡ್ವರ್ಡ್ ಕಾರ್ಸನ್. ಅವನು ಪಾಟೀಸವಾಲಿಗೆ ಆರಿಸಿಕೊಂಡದ್ದು ತಿದ್ದಿದ ಪುಸ್ತಕವನ್ನಲ್ಲ, ಮಾಸಿಕದ ಪಾಠವನ್ನು. ಬೇಸಿಲ್‌ನ ಮಾತುಗಳನ್ನು ಒಂದೊಂದಾಗಿ ಓದಿ, ಇಂಥ ಭಾವನೆಯನ್ನು ಲೇಖಕನು ಸ್ವತಃ ಅನುಭವಿಸಿದ್ದನೆ ಎಂದು ಕೇಳಿದನು. ಮೊಕದ್ದಮೆ ಕುಸಿಯಿತು, ಏಪ್ರಿಲ್ 5ರಂದು ವೈಲ್ಡ್ ಬಂಧಿತನಾದನು. ಮೊದಲ ಕ್ರಿಮಿನಲ್ ವಿಚಾರಣೆಯ ನ್ಯಾಯಾಧೀಶ ಚಾರ್ಲ್ಸ್, ಕಾದಂಬರಿಯ ಕರ್ತೃವೆಂಬ ಕಾರಣಕ್ಕೆ ಆರೋಪಿಯ ಬಗ್ಗೆ ಪ್ರತಿಕೂಲ ನಿರ್ಣಯಕ್ಕೆ ಬರಬಾರದೆಂದು ಜ್ಯೂರಿಗೆ ಸೂಚಿಸಿದನು. ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. ಎರಡನೆಯ ವಿಚಾರಣೆಯ ಕೊನೆಗೆ, ಮೇ 25ರಂದು, ಎರಡು ವರ್ಷಗಳ ಕಠಿಣ ದುಡಿಮೆಯ ಶಿಕ್ಷೆಯಾಯಿತು. ಅದಕ್ಕೆ ಆಧಾರವಾದದ್ದು ಅವನ ಸಂಬಂಧಗಳ ಬಗೆಗಿನ ಸಾಕ್ಷಿಗಳ ಹೇಳಿಕೆಗಳು, ಕಾದಂಬರಿಯಲ್ಲ. ಆದರೆ ಸಾರ್ವಜನಿಕರ ಕಣ್ಣಿನಲ್ಲಿ ಕೃತಿ ಮತ್ತು ಕರ್ತೃ ಆಗಲೇ ಒಂದಾಗಿಬಿಟ್ಟಿದ್ದರು.

ಸೆರೆಯಲ್ಲಿದ್ದಾಗ, 1896ರಲ್ಲಿ, ತಾಯಿ ತೀರಿಕೊಂಡಳು. ಪತ್ನಿ ತನ್ನ ಮತ್ತು ಮಕ್ಕಳ ಕುಲನಾಮವನ್ನೇ ಬದಲಾಯಿಸಿಕೊಂಡಳು. ವೈಲ್ಡ್ ಮಕ್ಕಳನ್ನು ಮತ್ತೆ ನೋಡಲಿಲ್ಲ. 1897ರ ಮೇ 19ರಂದು ಬಿಡುಗಡೆಯಾದವನು ಫ್ರಾನ್ಸಿಗೆ ತೆರಳಿ ಸೆಬಾಸ್ಟಿಯನ್ ಮೆಲ್ಮತ್ ಎಂಬ ಹೆಸರನ್ನು ಧರಿಸಿದನು. ಒಂದು ಬಾಣಗಳಿಗೆ ಗುರಿಯಾದ ಹುತಾತ್ಮ ಸಂತನ ಹೆಸರು. ಇನ್ನೊಂದು ಮೆಟುರಿನ್‌ನ ಶಾಪಗ್ರಸ್ತ ಅಲೆಮಾರಿಯದು. 1900ರ ನವೆಂಬರ್ 30ರಂದು ಪ್ಯಾರಿಸ್ಸಿನ ಸಾಧಾರಣ ಹೋಟೆಲೊಂದರ ಕೋಣೆಯಲ್ಲಿ, 46ನೆಯ ವಯಸ್ಸಿನಲ್ಲಿ, ಮರಣ ಹೊಂದಿದನು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಯಸ್ಕ ಪುರುಷರ ಖಾಸಗಿ ಸಂಬಂಧಗಳು 1967ರಲ್ಲಿ ಭಾಗಶಃ ಅಪರಾಧಮುಕ್ತವಾದವು. ಸ್ಟೋಡಾರ್ಟ್ ಕತ್ತರಿಸಿದ ಭಾಗಗಳನ್ನೊಳಗೊಂಡ ಬೆರಳಚ್ಚು ಪ್ರತಿಯ ಪಾಠ ನಿಕೋಲಸ್ ಫ್ರಾಂಕೆಲ್‌ನ ಸಂಪಾದನೆಯಲ್ಲಿ 2011ರಲ್ಲಿ ಪ್ರಕಟವಾಯಿತು. ಕೋಣೆಯ ಬೀಗ ತೆರೆದಿದೆಯೆಂದು ಈಗ ಹೇಳಬಹುದು. ಆದರೆ ಇಂದಿನ ಓದಿನ ಮುಂದೆಯೂ ಒಂದು ಎಚ್ಚರಿಕೆ ಇದೆ. ಕಾರ್ಸನ್ ಕಾದಂಬರಿಯಲ್ಲಿ ತಪ್ಪೊಪ್ಪಿಗೆಯನ್ನು ಹುಡುಕಿದ್ದು ಲೇಖಕನನ್ನು ಕೆಡವಲು. ನಾವು ಅದನ್ನೇ ಅನುಕಂಪದಿಂದ ಹುಡುಕುತ್ತೇವೆ. ಉದ್ದೇಶಗಳು ಬೇರೆಯಾದರೂ ಓದುವ ಕ್ರಮ ಒಂದೇ. ಮರೆಮಾಚಬೇಕಾಗಿ ಬಂದ ಪ್ರೇಮವೊಂದು ಕೃತಿಯ ರೂಪವನ್ನೇ ಹೇಗೆ ನಿರ್ಣಯಿಸಿತು, ಯಾವ ಒತ್ತಡದಲ್ಲಿ ಯಾವ ವಾಕ್ಯ ಅಳಿಸಿಹೋಯಿತು ಎಂಬುದನ್ನು ಪಾಠಗಳ ಹೋಲಿಕೆಯಿಂದ ಅರಿಯುವುದು ಇವೆರಡಕ್ಕಿಂತ ಹೆಚ್ಚು ನ್ಯಾಯಯುತವಾದ ಓದು. ಬದುಕನ್ನು ಕೃತಿಯೊಡನೆ ಇಟ್ಟು ನೋಡುವ ಅಗತ್ಯವಿರುವುದು ಇದಕ್ಕಾಗಿಯೇ ಹೊರತು ತೀರ್ಪು ನೀಡುವುದಕ್ಕಾಗಿ ಅಲ್ಲ.