ಹಸಿವು ಕಲಿಸಿದ ಧರ್ಮ: ಪಂಡಿತಾ ರಮಾಬಾಯಿಯ ಬದುಕು

ಕಾರ್ಕಳ ತಾಲೂಕಿನ ಮಾಳ ಗ್ರಾಮಕ್ಕೆ ದೇಶದ ಸಮಾಜ ಸುಧಾರಣೆಯ ಇತಿಹಾಸದಲ್ಲಿ ಸ್ಥಾನ ದೊರೆತದ್ದು ಪಂಡಿತಾ ರಮಾಬಾಯಿ ಅವರಿಂದ. ಆ ಊರಿನ ಸಂಸ್ಕೃತ ವಿದ್ವಾಂಸ ಅನಂತಶಾಸ್ತ್ರಿ ಡೋಂಗ್ರೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟು ಸ್ವಜನರ ವಿರೋಧ ಕಟ್ಟಿಕೊಂಡರು. ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ಅಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಮಗಳು ಹಸುಗೂಸಾಗಿದ್ದಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಊರೂರುಗಳಲ್ಲಿ ಪುರಾಣ ಓದಿ, ಬಂದ ದಕ್ಷಿಣೆಯಲ್ಲಿ ಜೀವನ ಸಾಗುತ್ತಿತ್ತು. ತಾಯಿಯೇ ಮಗಳಿಗೆ ಗುರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ ಮತ್ತು ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ತಲುಪಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರೊಡನೆ ಅಂತರ್ಜಾತಿ ವಿವಾಹ ನಡೆಯಿತು. 1882ರಲ್ಲಿ ಪತಿ ಕಾಲರಾಕ್ಕೆ ಬಲಿಯಾದಾಗ ಮಗಳು ಮನೋರಮಾ ಇನ್ನೂ ಕೈಗೂಸು.

1883ರಲ್ಲಿ ವೈದ್ಯಕೀಯ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ತೆರಳಿದರಾದರೂ ಕಿವಿಯ ದೋಷದಿಂದ ಅದು ಕೈಗೂಡಲಿಲ್ಲ. ಅಲ್ಲಿ ಸಮಾಜ ತಿರಸ್ಕರಿಸಿದ ಸ್ತ್ರೀಯರನ್ನು ಸನ್ಯಾಸಿನಿಯರು ಆದರದಿಂದ ಸಲಹುತ್ತಿದ್ದುದನ್ನು ಕಂಡರು. ಇದಕ್ಕೆ ಪ್ರೇರಣೆ ಏನೆಂದು ವಿಚಾರಿಸಿದಾಗ ದೊರೆತ ಉತ್ತರ, ಬಾವಿಯ ಬಳಿ ಸಮಾರ್ಯದ ಹೆಣ್ಣಿನೊಡನೆ ಯೇಸು ಮಾತನಾಡಿದ ಪ್ರಸಂಗ. ಅದೇ ವರ್ಷದ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಆದರೆ ವಿವೇಚನೆಯನ್ನು ಯಾರಿಗೂ ಒಪ್ಪಿಸಲಿಲ್ಲ. ತಮಗೆ ಮನವರಿಕೆಯಾಗದ ಸಿದ್ಧಾಂತಗಳ ಬಗ್ಗೆ ದೀಕ್ಷೆಗೆ ದಾರಿ ತೋರಿದವರೊಡನೆಯೇ ವಾದಿಸಿದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. 1893ರಲ್ಲಿ ಮತಾಂತರದ ಆರೋಪ ಎದ್ದಿತು. ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ರಾನಡೆ, ಭಾಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಇತ್ತ ವಿದೇಶಿ ಮಿಷನರಿಗಳಿಗೂ ಆಕೆ ಪೂರ್ತಿ ತಮ್ಮವರೆನಿಸಲಿಲ್ಲ. ಎರಡೂ ಕಡೆಯವರ ನಡುವೆ ಒಂಟಿಯಾದರೂ ಸದನದ ಬಾಗಿಲು ಮುಚ್ಚಲಿಲ್ಲ.

1896-97ರಲ್ಲಿ ಮಧ್ಯ ಪ್ರಾಂತಕ್ಕೆ ಕ್ಷಾಮ ಬಂದಿತು. ತಾವು ಬಾಲ್ಯದಲ್ಲಿ ಅನುಭವಿಸಿದ ಹಸಿವನ್ನು ಅಲ್ಲಿನ ಹೆಣ್ಣುಮಕ್ಕಳ ಮುಖದಲ್ಲಿ ಕಂಡ ರಮಾಬಾಯಿ ಸುಮಾರು 300 ಮಂದಿಯನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನ ಅವರ ಮನೆಯಾಯಿತು. ಅಲ್ಲಿ ಪ್ರಾರ್ಥನೆಯಷ್ಟೇ ದುಡಿಮೆಯೂ ಮುಖ್ಯವಾಗಿತ್ತು. ನೇಯ್ಗೆ, ಹೈನುಗಾರಿಕೆ, ಬೇಸಾಯ, ಅಚ್ಚುಕೂಟದ ಕೆಲಸಗಳನ್ನು ಹೆಂಗಸರೇ ಕಲಿತರು. ಅಂಧರಿಗೆ ಬ್ರೈಲ್ ಕಲಿಸಲಾಯಿತು. ಮಗಳು ಮನೋರಮಾ, ಅಂದು ನಿಜಾಮ್ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ಬಾಲಕಿಯರ ಶಾಲೆ ನಡೆಸಿ ತಾಯಿಯ ಕೆಲಸವನ್ನು ಕನ್ನಡ ನೆಲಕ್ಕೂ ತಂದರು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ ಮತ್ತು ಗ್ರೀಕ್ ಕಲಿತು, ಓದು ಬಲ್ಲ ಸಾಮಾನ್ಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. 1921ರಲ್ಲಿ ಮನೋರಮಾ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಕಣ್ಮುಚ್ಚಿದರು. ಆ ಬೈಬಲ್ 1924ರಲ್ಲಿ ಪ್ರಕಟವಾಯಿತು.

ಹಸಿವು, ವೈಧವ್ಯ, ಒಂಟಿತನ ಮೂರನ್ನೂ ಕಂಡ ಈ ವಿದುಷಿ ತಾನು ನಂಬಿದ ಗುರುವಿನ ಶಿಷ್ಯತ್ವವನ್ನು ವಾದದಲ್ಲಿ ಸಾಧಿಸಲು ಹೋಗಲಿಲ್ಲ. ಹಸಿದವರಿಗೆ ಅನ್ನ, ಅಕ್ಷರ ಮತ್ತು ಕಸುಬು ನೀಡುವುದರಲ್ಲಿ ಅದನ್ನು ಬಾಳಿದರು. ಕೇಡಗಾಂವ್‌ನಲ್ಲಿ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.