ಹಳೇ ಚಿಪ್ಪಿನ ಮನುಷ್ಯ: ಗುನ್‌ಪೇ ಯೊಕೋಯಿ

ಹಾಸ್ಟೆಲ್ಲಲ್ಲಿ ಕರೆಂಟ್ ಹೋದ ಒಂದು ರಾತ್ರಿ, ವೈಫೈ ಕೂಡ ಇಲ್ಲದೆ, ನಾವು ನಾಲ್ಕು ಜನ ಫೋನಿನ ಎಮ್ಯುಲೇಟರಲ್ಲಿ ಹಳೇ ಗೇಮ್ ಬಾಯ್ ಆಟ ಆಡ್ತಾ ಕೂತಿದ್ವಿ. ಅಲ್ಲೇ ಜಗಳ ಶುರುವಾಯ್ತು. ಸೂಪರ್ ಮಾರಿಯೋ ಲ್ಯಾಂಡ್ ಸರಣಿಯಲ್ಲಿ ಯಾವುದು ಚೆನ್ನಾಗಿದೆ? 1989ರ ಮೊದಲನೆಯದಾ, 1992ರ ಎರಡನೆಯದಾ, ಇಲ್ಲ 1994ರ ವಾರಿಯೋ ಲ್ಯಾಂಡಾ? ಬೆಳಗ್ಗೆ 8051 ಲ್ಯಾಬ್ ಇತ್ತು. ಅದು 1980ರ ಚಿಪ್ಪು, ಇದನ್ನ ಈಗ ಕಲಿತು ಏನು ಸಿಗುತ್ತೆ ಅಂತ ಗೊಣಗೋದೂ ಜೊತೆಗೇ ನಡೀತಿತ್ತು. ಈ ಎರಡೂ ಮಾತು ಒಬ್ಬನೇ ಮನುಷ್ಯನ ಕಡೆ ಹೋಗುತ್ತೆ ಅಂತ ಆಗ ನಮಗೆ ಗೊತ್ತಿರಲಿಲ್ಲ.

ಗುನ್‌ಪೇ ಯೊಕೋಯಿ ಹುಟ್ಟಿದ್ದು 1941ರಲ್ಲಿ, ಜಪಾನಿನ ಕ್ಯೋಟೋದಲ್ಲಿ. ಅದೇ ಊರಿನ ದೋಷಿಷಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಮಾರ್ಕ್ಸ್ ಹೇಳಿಕೊಳ್ಳೋ ಹಾಗಿರಲಿಲ್ಲ, ದೊಡ್ಡ ಕಂಪನಿಗಳಲ್ಲಿ ಕೆಲಸ ಸಿಗಲಿಲ್ಲ. (ಇಲ್ಲಿಗೇ ನಮಗೆ ಇವರು ಇಷ್ಟ ಆಗಿಬಿಟ್ರು.) 1965ರಲ್ಲಿ ಊರಿನಲ್ಲೇ ಇದ್ದ ನಿಂಟೆಂಡೋಗೆ ಸೇರಿದರು. ಆಗಿನ್ನೂ ಅದು ವಿಡಿಯೋ ಗೇಮ್ ಕಂಪನಿ ಅಲ್ಲ, 1889ರಿಂದ ಹನಫುದಾ ಅನ್ನೋ ಆಟದ ಎಲೆ ಮಾಡುತ್ತಿದ್ದ ಕಾರ್ಖಾನೆ. ಎಲೆ ತಯಾರಿಸೋ ಮೆಷಿನ್‌ಗಳನ್ನ ನೋಡಿಕೊಳ್ಳೋದು, ಅಂದ್ರೆ ಮೇಂಟೆನೆನ್ಸ್, ಅವರ ಕೆಲಸ.

ಕೆಲಸ ಕಮ್ಮಿ, ಟೈಮ್ ಜಾಸ್ತಿ. ಹೊತ್ತು ಹೋಗದೆ ಕತ್ತರಿ ಕತ್ತರಿಯಾಗಿ ಜೋಡಿಸಿದ ಒಂದು ಉದ್ದದ ಕೈ ಮಾಡಿಕೊಂಡರು. ಹಿಡಿ ಒತ್ತಿದರೆ ಅದು ಮುಂದಕ್ಕೆ ಚಾಚಿ ವಸ್ತು ಹಿಡಿಯುತ್ತಿತ್ತು. ಇದು ಕಂಪನಿ ಯಜಮಾನ ಹಿರೋಷಿ ಯಮೌಚಿ ಕಣ್ಣಿಗೆ ಬಿತ್ತು. ಬೈಗುಳ ತಿನ್ನಬೇಕಾದವರಿಗೆ ಸಿಕ್ಕಿದ್ದು ಅದನ್ನೇ ಆಟಿಕೆ ಮಾಡು ಅನ್ನೋ ಆದೇಶ. ಅಲ್ಟ್ರಾ ಹ್ಯಾಂಡ್ ಅನ್ನೋ ಹೆಸರಲ್ಲಿ 1966ರಲ್ಲಿ ಬಂದ ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯ್ತು. 1969ರಲ್ಲಿ ಲವ್ ಟೆಸ್ಟರ್ ಬಂತು. ಹುಡುಗ ಹುಡುಗಿ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಂದೊಂದು ಎಲೆಕ್ಟ್ರೋಡ್ ಹಿಡಿದರೆ, ಮೈಯಲ್ಲಿ ಹರಿಯೋ ಸಣ್ಣ ಕರೆಂಟನ್ನ ಮುಳ್ಳು ತೋರಿಸುತ್ತೆ. ಪ್ರೀತಿ ಅಂತ ಹೆಸರು, ಒಳಗಿರೋದು ನಮ್ಮ ಫಸ್ಟ್ ಇಯರ್ ಲ್ಯಾಬಿನ ಮೀಟರ್.

ಯೊಕೋಯಿಯವರ ದಾರಿ ಜೀವನ ಪೂರ್ತಿ ಇದೇ. ಹೊಸದಾಗಿ ಬಂದ ದುಬಾರಿ ಟೆಕ್ನಾಲಜಿ ಹಿಂದೆ ಓಡಬಾರದು. ಎಲ್ಲರಿಗೂ ಗೊತ್ತಿರೋ, ಅಗ್ಗವಾಗಿರೋ, ಹಳೇದಾಗಿಹೋದ ಟೆಕ್ನಾಲಜಿಯನ್ನ ತೆಗೆದುಕೊಂಡು ಯಾರೂ ಯೋಚಿಸದ ಜಾಗದಲ್ಲಿ ಬಳಸಬೇಕು ಅಂತ ಅವರು ನಂಬಿದ್ದರು. ಒಂದು ಸಲ ಬುಲೆಟ್ ಟ್ರೈನಲ್ಲಿ ಬೋರಾಗಿ ಕ್ಯಾಲ್ಕ್ಯುಲೇಟರ್ ಬಟನ್ ಒತ್ತುತ್ತಾ ಕೂತಿದ್ದ ಒಬ್ಬ ಆಫೀಸಿನವನನ್ನ ನೋಡಿದರಂತೆ. ಆಗ ಕ್ಯಾಲ್ಕ್ಯುಲೇಟರಿನ ಎಲ್‌ಸಿಡಿ ತುಂಬಾ ಅಗ್ಗವಾಗಿತ್ತು. 1980ರಲ್ಲಿ ಗೇಮ್ ಆ್ಯಂಡ್ ವಾಚ್ ಬಂತು. ಆ ಸರಣಿ ಒಟ್ಟು 4 ಕೋಟಿಗೂ ಮೇಲೆ ಮಾರಾಟವಾಯ್ತು.

1982ರಲ್ಲಿ ಡಾಂಕಿ ಕಾಂಗ್ ಆಟವನ್ನ ಆ ಪುಟ್ಟ, ಮಡಚೋ ಡಬ್ಬಿಗೆ ತರಬೇಕಾದಾಗ ಜಾಯ್‌ಸ್ಟಿಕ್ ಇಡೋಕೆ ಜಾಗವಿರಲಿಲ್ಲ. ಅದರ ಬದಲು ಹೆಬ್ಬೆರಳಿಗೆ ಸಿಗೋ ಒಂದು ಚಪ್ಪಟೆ ಪ್ಲಸ್ ಗುರುತಿನ ಬಟನ್ ಇಟ್ಟರು. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ನಕಲಿ ವಿಡಿಯೋ ಗೇಮ್ ನೆನಪಿದೆಯಲ್ವಾ? ಅದರ ರಿಮೋಟಿನ ಎಡಗಡೆ ಇದ್ದದ್ದು ಇದೇ ಪ್ಲಸ್. ರಜೆಯಲ್ಲಿ ಅದನ್ನ ಒತ್ತಿ ಒತ್ತಿ ನಮ್ಮ ಹೆಬ್ಬೆರಳು ಕೆಂಪಾಗ್ತಿತ್ತು.

ಈಗ ಗೇಮ್ ಬಾಯ್. 1989ರ ಏಪ್ರಿಲಲ್ಲಿ ಬಂದಾಗ ಅದರಲ್ಲಿ ಕಲರ್ ಇಲ್ಲ, ಸ್ಕ್ರೀನಿಗೆ ಲೈಟೂ ಇಲ್ಲ. 160 ಗುಣಿಸು 144 ಪಿಕ್ಸೆಲ್, ನಾಲ್ಕೇ ನಾಲ್ಕು ಛಾಯೆ, ಪ್ರೊಸೆಸರ್ 8 ಬಿಟ್‌ನದು. ಸ್ವಲ್ಪದರಲ್ಲೇ ಅಟಾರಿ, ಸೇಗಾ ಕಂಪನಿಗಳು ಕಲರ್ ಸ್ಕ್ರೀನ್ ತಂದವು. ಆದರೆ ಸೇಗಾದ ಗೇಮ್ ಗೇರ್ ಆರು ಸೆಲ್ ನುಂಗಿ ಮೂರು-ಐದು ಗಂಟೆಗೆ ಸುಮ್ಮನಾಗುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಲ್ಲಿ ಹತ್ತು ಗಂಟೆಗೂ ಮೇಲೆ ಓಡುತ್ತಿತ್ತು, ಕೆಳಗೆ ಬಿದ್ದರೂ ಓಡುತ್ತಿತ್ತು. ಗೇಮ್ ಬಾಯ್ ಮತ್ತು ಆಮೇಲಿನ ಕಲರ್ ಗೇಮ್ ಬಾಯ್ ಸೇರಿ 11 ಕೋಟಿಗೂ ಹೆಚ್ಚು ಹೋದವು.

ಸೂಪರ್ ಮಾರಿಯೋ ಲ್ಯಾಂಡ್ ಇದರ ಜೊತೆಗೇ ಬಂದ ಆಟ. ಮಾರಿಯೋನನ್ನ ಸೃಷ್ಟಿಸಿದ ಮಿಯಾಮೊಟೊ ಇದರಲ್ಲಿಲ್ಲ, ಮಾಡಿದ್ದು ಯೊಕೋಯಿ ಅವರ ವಿಭಾಗ. ಅದಕ್ಕೇ ಏನೋ ಇದು ವಿಚಿತ್ರವಾಗಿದೆ. ಆಮೆ ಚಿಪ್ಪು ಒದೆಯೋಣ ಅಂದ್ರೆ ಬಾಂಬ್ ಥರ ಸಿಡಿಯುತ್ತೆ, ಬೆಂಕಿ ಉಂಡೆ ಬದಲು ಪುಟಿಯೋ ಚೆಂಡು, ಮಧ್ಯದಲ್ಲಿ ಸಬ್‌ಮರೀನ್, ವಿಮಾನ ಬೇರೆ. ಎರಡನೇ ಆಟ ನೋಡೋಕೆ ಎಷ್ಟೋ ಚೆಂದ. ಮಾರಿಯೋ ದೊಡ್ಡದಾಗಿ ಕಾಣ್ತಾನೆ, ಮ್ಯಾಪ್ ಇದೆ, ಆಟ ಸೇವ್ ಆಗುತ್ತೆ, ವಾರಿಯೋ ಮೊದಲ ಸಲ ಬರ್ತಾನೆ. ಮೂರನೆಯದರಲ್ಲಿ ಆ ವಾರಿಯೋನೇ ಹೀರೋ, ದುಡ್ಡು ಎಷ್ಟು ಕೂಡಿಟ್ಟಿರೋ ಕೊನೆಗೆ ಅಷ್ಟು ದೊಡ್ಡ ಮನೆ. ನಮ್ಮಲ್ಲಿ ಇಬ್ಬರು ಎರಡನೆಯದಕ್ಕೆ, ಒಬ್ಬ ವಾರಿಯೋಗೆ. ಬರೀತಿರೋ ನಮ್ಮ ಮತ ಮಾತ್ರ ಮೊದಲನೆಯದಕ್ಕೆ. ಮಾರಿಯೋ ಇರುವೆಯಷ್ಟು ಚಿಕ್ಕವನು ಅಂತ ಎಲ್ಲರೂ ನಗ್ತಾರೆ, ಆದರೆ ಅಷ್ಟು ಸಣ್ಣ ಸ್ಕ್ರೀನಲ್ಲಿ ಆತ ಚಿಕ್ಕವನಾಗಿರೋದ್ರಿಂದಲೇ ಮುಂದೆ ಏನು ಬರ್ತಿದೆ ಅಂತ ಕಾಣುತ್ತೆ. ಎರಡನೆಯದರಲ್ಲಿ ಎಷ್ಟೋ ಸಲ ಶತ್ರು ಮುಖಕ್ಕೆ ಬಂದಮೇಲೇ ಗೊತ್ತಾಗೋದು.

ಇದೇ ಸರಣಿಯ ಇನ್ನೊಂದು ಕೊಂಡಿ ಯಾರಿಗೂ ನೆನಪಿರಲ್ಲ, ವರ್ಚುಯಲ್ ಬಾಯ್ ವಾರಿಯೋ ಲ್ಯಾಂಡ್. ಆಟ ಚೆನ್ನಾಗಿದೆ, ಅದು ಓಡೋ ಮೆಷಿನ್ನೇ ಸೋತುಹೋಯ್ತು. 1995ರ ವರ್ಚುಯಲ್ ಬಾಯ್ ಯೊಕೋಯಿಯವರ ತ್ರೀಡಿ ಪ್ರಯತ್ನ. ಒಂದೊಂದು ಕಣ್ಣಿಗೆ ಒಂದು ಸಾಲು ಎಲ್‌ಇಡಿ, ಎದುರಿಗೆ ವೇಗವಾಗಿ ಅಲ್ಲಾಡೋ ಕನ್ನಡಿ. ಆ ಒಂದು ಸಾಲನ್ನೇ ಕನ್ನಡಿ ಇಡೀ ಚಿತ್ರವಾಗಿ ಹರಡುತ್ತೆ. ಎಲ್‌ಇಡಿಯಲ್ಲೂ ಅಗ್ಗ ಅಂತ ಕೆಂಪನ್ನೇ ಆರಿಸಿದ್ದರು, ಹಾಗಾಗಿ ಇಡೀ ಪ್ರಪಂಚ ಕೆಂಪು, ಕಪ್ಪು. ಜನಕ್ಕೆ ಕಣ್ಣು ನೋವು, ತಲೆನೋವು. 8 ಲಕ್ಷ ಕೂಡ ಮಾರಾಟವಾಗಲಿಲ್ಲ, ವರ್ಷ ತುಂಬೋದ್ರೊಳಗೆ ನಿಂತೇ ಹೋಯ್ತು. ಗೇಮ್ ಬಾಯಲ್ಲಿ ಗೆದ್ದ ಅದೇ ಲೆಕ್ಕ ಇಲ್ಲಿ ಕೈಕೊಟ್ಟಿತು. ಯಾಕೆ ಅಂತ ನಾವು ತುಂಬಾ ವಾದ ಮಾಡಿದ್ವಿ. ಗೇಮ್ ಬಾಯನ್ನ ಬಸ್ಸಲ್ಲಿ, ಹಾಸಿಗೆಯಲ್ಲಿ, ಎಲ್ಲಿ ಬೇಕಾದರೂ ಹಿಡಿಯಬಹುದಿತ್ತು. ಇದನ್ನ ಮೇಜಿನ ಮೇಲಿಟ್ಟು, ಬಗ್ಗಿ, ಅದರೊಳಗೆ ಮುಖ ತೂರಿಸಬೇಕು. ಪಕ್ಕದಲ್ಲಿ ಕೂತ ಗೆಳೆಯನಿಗೆ ಏನೂ ಕಾಣಲ್ಲ.

1996ರ ಆಗಸ್ಟಲ್ಲಿ, 31 ವರ್ಷದ ನಂತರ, ಅವರು ನಿಂಟೆಂಡೋ ಬಿಟ್ಟರು. ಸೋಲಿಗೆ ಶಿಕ್ಷೆ ಅಂತ ಜನ ಮಾತಾಡಿಕೊಂಡರು. ಬಿಡೋ ಯೋಚನೆ ಹಳೇದು ಅಂತ ಅವರೇ ಹೇಳಿದ್ದರೂ ಆ ಮಾತು ನಿಲ್ಲಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಪೋಕೆಮಾನ್ ಬಂದು, ಏಳು ವರ್ಷ ಹಳೇದಾಗಿದ್ದ ಗೇಮ್ ಬಾಯ್‌ಗೆ ಮತ್ತೆ ಜೀವ ಬಂದಿತ್ತು. ಯೊಕೋಯಿ ಕೋಟೋ ಅನ್ನೋ ಸ್ವಂತ ಕಂಪನಿ ಶುರುಮಾಡಿ, ಬಂಡಾಯ್ ಕಂಪನಿಗಾಗಿ ಇನ್ನೊಂದು ಕೈ ಆಟಿಕೆಯ ಕೆಲಸಕ್ಕೆ ಕೂತರು.

1997ರ ಅಕ್ಟೋಬರ್ 4ರಂದು ಇಷಿಕಾವಾದ ಹೈವೇಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಗಿದೆ ಅಂತ ನೋಡೋಕೆ ಇಳಿದಾಗ ಇನ್ನೊಂದು ಕಾರು ಬಡಿಯಿತು. ವಯಸ್ಸು 56.

ಆ ಆಟಿಕೆ ವಂಡರ್‌ಸ್ವಾನ್ ಅನ್ನೋ ಹೆಸರಲ್ಲಿ 1999ರ ಮಾರ್ಚಲ್ಲಿ ಜಪಾನಿನ ಅಂಗಡಿಗೆ ಬಂತು. ಆಗಲೂ ಕಪ್ಪು-ಬಿಳುಪು ಸ್ಕ್ರೀನೇ. ನಾಲ್ಕು ಸೆಲ್ ಬೇಡ, ನಮ್ಮ ರೂಮಿನ ಗೋಡೆ ಗಡಿಯಾರಕ್ಕೆ ಹಾಕೋ ಥರದ್ದು ಒಂದೇ ಒಂದು ಸಾಕು. ಜೊತೆಗೆ ಬಂದ ಗೆರೆ ಜೋಡಿಸೋ ಪಜಲ್ ಆಟಕ್ಕೆ ಅವರ ಹೆಸರೇ, ಗುನ್‌ಪೇ. ಇಂಟರ್ನಲ್ಸ್ ಮುಗಿದ ಮೇಲೆ ಅದನ್ನ ಆಡಬೇಕು.